ಗಂಭೀರ ಸ್ಥಿತಿಯಲ್ಲಿದ್ದ ಕ್ಲಚ್ ಮೇಡಂ

ಊರಿನಲ್ಲಿ ಕಾರು ಓಡಿಸುವ ಹೆಂಗಸರನ್ನು ನಿಲ್ಲಿಸಿ, ಎಲ್ಲಿ ಕಲಿತಿರಿ ಎಂದು ಕೇಳಿದರೆ ಹತ್ತರಲ್ಲಿ ಏಳು ಮಂದಿ ಒಬ್ಬರ ಹೆಸರನ್ನೇ ಹೇಳುತ್ತಾರೆ. ಅದೂ ನಿಜವಾದ ಹೆಸರಲ್ಲ, ಅಡ್ಡಹೆಸರು: ಕ್ಲಚ್ ಮೇಡಂ. ಇಪ್ಪತ್ತೆಂಟು ವರ್ಷಗಳಿಂದ ಅವರು ಡ್ರೈವಿಂಗ್ ಸ್ಕೂಲಿನ ಹಳೆಯ ಕಾರಿನಲ್ಲಿ, ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, "ಕ್ಲಚ್, ಕ್ಲಚ್, ಬಿಡಬೇಡಿ, ನಿಧಾನ, ನಿಧಾನ, ಅಯ್ಯೋ ಬಿಟ್ರಲ್ಲ!" ಎಂದು ಕೂಗುತ್ತ ಬಂದಿದ್ದಾರೆ. ಅವರ ಹತ್ತಿರ ಕಲಿತವರು ಮಕ್ಕಳು ಮೊಮ್ಮಕ್ಕಳನ್ನು ಕಂಡ ಮೇಲೂ, ಸಿಗ್ನಲ್ಲಿನಲ್ಲಿ ಗಾಡಿ ಆಫ್ ಆಯಿತೆಂದರೆ ಮೊದಲು ಅಕ್ಕಪಕ್ಕ ನೋಡುವುದು ಪೊಲೀಸರಿಗಾಗಿ ಅಲ್ಲ, ಮೇಡಂ ಎಲ್ಲಾದರೂ ನಿಂತಿದ್ದಾರೋ ಎಂದು.

ಮೇಡಂಗೆ ಐವತ್ತೇಳು ವರ್ಷ. ಮುಖದಲ್ಲಿ ನಗು ಅಪರೂಪ. ತಾನು ನಕ್ಕರೆ ಕಲಿಯುವವರೂ ನಗುತ್ತಾರೆ, ನಗುವವರ ಕೈ ಸಡಿಲವಾಗುತ್ತದೆ, ಕೈ ಸಡಿಲವಾದರೆ ಮುಂದಿನದನ್ನು ಗೋಡೆ ನೋಡಿಕೊಳ್ಳುತ್ತದೆ ಎನ್ನುವುದು ಅವರ ಸಿದ್ಧಾಂತ. ಸ್ಕೂಲನ್ನು ಶುರು ಮಾಡಿದವರು ಅಪ್ಪ. ಅಪ್ಪ ಹೋದ ಮೇಲೆ ಆಫೀಸು, ಕಾಗದಪತ್ರ, ಲೈಸೆನ್ಸಿನ ಓಡಾಟ ಎಲ್ಲ ತಮ್ಮನದಾಯಿತು; ರಸ್ತೆ ಅಕ್ಕನದಾಯಿತು. ಮನೆಯಲ್ಲಿ ಇರುವವರು ಗಂಡ ಹೆಂಡತಿ ಇಬ್ಬರೇ. ಗಂಡ ಮೂವತ್ತಮೂರು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತರಾದವರು. ಕೆಲಸ ಬಿಟ್ಟರೂ ಚಟ ಬಿಟ್ಟಿರಲಿಲ್ಲ. ಸೋಪಿನ ಹೊದಿಕೆಯಿಂದ ಹಿಡಿದು ಬಾಡಿಗೆ ಮನೆಯ ಬೋರ್ಡಿನ ತನಕ ಕಣ್ಣಿಗೆ ಬಿದ್ದ ಅಕ್ಷರವನ್ನೆಲ್ಲ ತಿದ್ದುತ್ತಿದ್ದರು. ಜೇಬಿನಲ್ಲಿ ಯಾವಾಗಲೂ ಒಂದು ಕೆಂಪು ಪೆನ್ನು.

ಎಲ್ಲವೂ ಹೀಗೆ ನಡೆಯುತ್ತಿರುವಾಗ ತಮ್ಮ ಒಂದು ಬೆಳಿಗ್ಗೆ ಸ್ಕೂಲಿನ ಅಂಗಳಕ್ಕೆ ಬಿಳಿ ಬಣ್ಣದ ಹೊಸ ಎಲೆಕ್ಟ್ರಿಕ್ ಕಾರು ತಂದು ನಿಲ್ಲಿಸಿದ. ಅದರ ಬಾಗಿಲಿನ ಮೇಲೆ ಹಸಿರು ಅಕ್ಷರದಲ್ಲಿ ಮೊಳದುದ್ದ "ಎಲೆಕ್ಟ್ರಿಕ್" ಎಂದು ಬರೆಸಿದ್ದ.

"ಅಕ್ಕಾ, ಇನ್ಮೇಲೆ ಇದರಲ್ಲೂ ಕಲಿಸೋಣ. ಕೇಳ್ಕೊಂಡು ಬರ್ತಿದ್ದಾರೆ ಜನ."

ಮೇಡಂ ಒಂದು ಸುತ್ತು ಹಾಕಿದರು. ಬಾಗಿಲು ತೆಗೆದು ಬಗ್ಗಿ ಕೆಳಗೆ ನೋಡಿದರು. ಪೆಡಲು ಎರಡೇ ಇದ್ದವು.

"ಇನ್ನೊಂದೆಲ್ಲಿ?"

"ಇದಕ್ಕೆ ಕ್ಲಚ್ ಇಲ್ಲ ಅಕ್ಕ. ಗೇರೂ ಇಲ್ಲ. ಒತ್ತಿದ್ರೆ ಹೋಗತ್ತೆ, ಒತ್ತಿದ್ರೆ ನಿಲ್ಲತ್ತೆ."

"ಹಾಗಾದ್ರೆ ನಾನು ಪಕ್ಕದಲ್ಲಿ ಕೂತು ಏನು ಮಾಡ್ಲಿ? ಕಿಟಕಿಯಿಂದ ಗಾಳಿ ತಗೊಳ್ಲಾ?"

ತಮ್ಮ ನಕ್ಕ. ಮೇಡಂ ನಗಲಿಲ್ಲ. ಆ ದಿನವೆಲ್ಲ ಅವರ ಎಡಗಾಲಿಗೆ ಯಾರೋ ನೋಟಿಸು ಕೊಟ್ಟ ಹಾಗಿತ್ತು.

ಮನಸ್ಸು ಕಹಿಯಾಗಿರುವ ಹೊತ್ತಿಗೆ ಸರಿಯಾಗಿ ಅದಕ್ಕೆ ಬೇಕಾದ ಸುದ್ದಿಯೂ ಹುಡುಕಿಕೊಂಡು ಬರುತ್ತದೆ. ಅದೇ ವಾರ ಟಿವಿಯಲ್ಲಿ ಕೋಟು ಹಾಕಿದ ಒಬ್ಬಾತ ಮೇಜು ಗುದ್ದಿ ಗುದ್ದಿ ಹೇಳಿದ: ಮಳೆಗಾಲದಲ್ಲಿ ಎಲೆಕ್ಟ್ರಿಕ್ ಕಾರಿನ ಬಾಗಿಲು ಮುಟ್ಟಿದರೆ ಮೈಗೆ ಕರೆಂಟು ಹೊಡೆಯುತ್ತದೆ, ಸಿಡಿಲು ಅದನ್ನೇ ಹುಡುಕಿಕೊಂಡು ಬರುತ್ತದೆ, ಒಳಗೆ ಕೂತವರ ಕೈಗಡಿಯಾರ ನಿಲ್ಲುತ್ತದೆ. ಮೇಡಂ ಕಾಫಿ ಲೋಟ ಕೈಯಲ್ಲೇ ಹಿಡಿದುಕೊಂಡು ಪೂರ್ತಿ ಕೇಳಿದರು. ಮರುದಿನ ಯಾರೋ ಒಂದು ವಿಡಿಯೋ ಕಳಿಸಿದರು. ರಸ್ತೆ ನಡುವೆ ಕಾರೊಂದು ಧಗಧಗ ಉರಿಯುತ್ತಿತ್ತು. ಕೆಳಗೆ ಬರೆದಿತ್ತು: "ಎಲೆಕ್ಟ್ರಿಕ್ ಕಾರು ಕೊಳ್ಳುವ ಮುನ್ನ ನಿಮ್ಮ ಮಕ್ಕಳ ಮುಖ ನೆನೆಸಿಕೊಳ್ಳಿ."

ಮೇಡಂ ಹತ್ತಿರ ಫೋನಿನಲ್ಲಿ ಒಂದು ಗ್ರೂಪ್ ಇತ್ತು. ಅವರ ಹತ್ತಿರ ಕಲಿತು ಪಾಸಾದವರೆಲ್ಲ ಅದರಲ್ಲಿದ್ದರು, ಆರುನೂರ ಹನ್ನೆರಡು ಮಂದಿ. ರಸ್ತೆ ಅಗೆದದ್ದು, ಹೊಸ ಒನ್‌ವೇ ಬಂದದ್ದು, ಇಂಥವನ್ನೇ ಮೇಡಂ ಅಲ್ಲಿ ಹಾಕುತ್ತಿದ್ದರು. ಹಾಕಿದ್ದು ಒಂದೂ ಸುಳ್ಳಾಗಿರಲಿಲ್ಲ. ವಿಡಿಯೋವನ್ನು ಅಲ್ಲಿಗೆ ದಾಟಿಸಿ, ಕೆಳಗೆ ತಮ್ಮದೊಂದು ಸಾಲು ಸೇರಿಸಿದರು: "ನೋಡಿ, ಜಾಗ್ರತೆ. ನಿಮ್ಮ ಮೇಡಂ."

ಐದು ನಿಮಿಷದಲ್ಲಿ ಮುನ್ನೂರು ಹೆಬ್ಬೆಟ್ಟು ಬಿದ್ದವು.

ಗಂಡ ಕನ್ನಡಕ ಏರಿಸಿ ವಿಡಿಯೋ ನೋಡಿದರು. ಅಕ್ಷರ ತಪ್ಪು ಹುಡುಕುವ ಕಣ್ಣು, ಎಲ್ಲವನ್ನೂ ಹಾಗೇ ನೋಡುತ್ತದೆ. "ಈ ಕಾರಿಗೆ ಸೈಲೆನ್ಸರ್ ಇದೆಯಲ್ಲೇ," ಎಂದರು.

"ಏನು?"

"ಹಿಂದೆ ನೋಡು. ಎಲೆಕ್ಟ್ರಿಕ್ ಕಾರಿಗೆ ಹೊಗೆ ಎಲ್ಲಿಂದ ಬರತ್ತೆ ಅಂತ ಸೈಲೆನ್ಸರ್ ಇಟ್ಟಿರ್ತಾರೆ? ಇದು ಪೆಟ್ರೋಲ್ ಗಾಡಿ."

"ಕಾರು ಸುಡ್ತಿರೋವಾಗ ನಿಮಗೆ ಸೈಲೆನ್ಸರ್ ಚಿಂತೆ," ಎಂದು ಮೇಡಂ ಫೋನ್ ಕಿತ್ತುಕೊಂಡರು. ಆದರೆ ಅಡುಗೆಮನೆಗೆ ಹೋಗಿ ಇನ್ನೊಮ್ಮೆ ನೋಡಿದರು. ಸೈಲೆನ್ಸರ್ ಇತ್ತು. ಕಣ್ಣಿಗೆ ಹೊಡೆಯುವ ಹಾಗೆ ಇತ್ತು. ಇಪ್ಪತ್ತೆಂಟು ವರ್ಷ ಕಾರಿನ ಜೊತೆ ಬಾಳಿದ ತನಗೆ ಕಾಣದ್ದು, ಕಾರು ಓಡಿಸಲೇ ಬಾರದ ಗಂಡನಿಗೆ ಕಂಡಿತ್ತು. ಅಳಿಸಿಬಿಡೋಣವೇ ಎಂದುಕೊಂಡರು. ಮುನ್ನೂರು ಹೆಬ್ಬೆಟ್ಟು ಅಷ್ಟರಲ್ಲಿ ಮುನ್ನೂರ ನಲವತ್ತಾಗಿತ್ತು. ಫೋನನ್ನು ಮಗುಚಿಟ್ಟು ತರಕಾರಿ ಹೆಚ್ಚಲು ಕೂತರು.

ಟಿವಿಯವನ ಮಾತಿಗೂ ಮೇಡಂ ಮುದ್ರೆ ಒತ್ತಿದ ಹಾಗಾಗಿ, ಆ ಒಂದು ಸಾಲು ಮಾಡಿದ ಕೆಲಸ ಸಣ್ಣದಲ್ಲ. ಎದುರು ರಸ್ತೆಯ ಹಲ್ಲಿನ ಡಾಕ್ಟರು ಎಲೆಕ್ಟ್ರಿಕ್ ಕಾರಿಗೆಂದು ಮಾಡಿದ್ದ ಬುಕಿಂಗನ್ನು ರದ್ದು ಮಾಡಿದರು. ಕೈಗಡಿಯಾರದ ಭಯಕ್ಕೆ ಒಬ್ಬ ನಿವೃತ್ತ ಮೇಷ್ಟ್ರು, ಹೊಸ ಕಾರು ನಿಂತ ಕಡೆಯಿಂದ ಹಾದುಹೋಗುವಾಗ ಗಡಿಯಾರ ಬಿಚ್ಚಿ ಬಲಗಡೆಯ ಜೇಬಿಗೆ ಹಾಕಿಕೊಳ್ಳತೊಡಗಿದರು. ಬೇಕರಿ ನಡೆಸುವ ಹೆಂಗಸೊಬ್ಬಳು ಆಗ ತಾನೇ ಕಲಿಯಲು ಸೇರಿದ್ದಳು. ಬ್ರೆಡ್ಡು ಹಂಚಲು ಎಲೆಕ್ಟ್ರಿಕ್ ವ್ಯಾನ್ ಕೊಳ್ಳುವ ಯೋಚನೆ ಅವಳದು. ತಮ್ಮ ಅವಳನ್ನು ಹೊಸ ಕಾರಿನ ಹತ್ತಿರ ಕರೆದಾಗ ಅವಳು ಚೀಲದಿಂದ ಪಾತ್ರೆ ತೊಳೆಯುವ ರಬ್ಬರಿನ ಕೈಗವಸು ತೆಗೆದು ಹಾಕಿಕೊಂಡು, ಒಂದು ಬೆರಳಿನಿಂದ ಬಾಗಿಲನ್ನು ತಿವಿದು, ಎರಡು ಹೆಜ್ಜೆ ಹಿಂದಕ್ಕೆ ಹಾರಿದಳು.

"ಹೊಡೀತಾ?" ಎಂದು ಕೇಳಿದ ತಮ್ಮ.

"ಇಲ್ಲ. ಆದ್ರೆ ಹೊಡೆಯೋ ಹಾಗಿತ್ತು," ಎಂದಳು ಬೇಕರಿಯವಳು. "ಮೇಡಂ ಹೇಳಿದ್ದಾರೆ ಅಂದ್ಮೇಲೆ ಸುಮ್ನೆ ಹೇಳಲ್ಲ."

ತಮ್ಮ ಅಕ್ಕನ ಮುಖ ನೋಡಿದ. ಅಕ್ಕ ಹಳೆಯ ಕಾರಿನ ಗಾಜು ಒರೆಸುತ್ತಿದ್ದರು. ಗಾಜು ಆಗಲೇ ಫಳಫಳ ಹೊಳೆಯುತ್ತಿತ್ತು.

ಎರಡು ತಿಂಗಳು ಹೊಸ ಕಾರು ಅಂಗಳದಲ್ಲಿ ಬೆದರುಗೊಂಬೆಯ ಹಾಗೆ ನಿಂತಿತು. ಒಂದು ಬಿಸಿಲಿನ ಮಧ್ಯಾಹ್ನ ಮೇಡಂ ಬೇಕರಿಯವಳಿಗೆ ಹಳೆಯ ಕಾರಿನಲ್ಲಿ ಹಿಮ್ಮುಖ ಓಡಿಸುವುದನ್ನು ಹೇಳಿಕೊಡುತ್ತಿದ್ದರು. ಅವಳು ಹಿಂದೆ ಹೋಗುತ್ತ ಹೋಗುತ್ತ ಹೊಸ ಕಾರಿನ ಪಕ್ಕಕ್ಕೇ ಬಂದು ನಿಲ್ಲಿಸಿದಳು. ಅದೇ ಗಳಿಗೆಗೆ ಹಳೆಯ ಕಾರಿನ ಬಾನೆಟ್ಟಿನ ಒಳಗೆ 'ಬುಸ್' ಎಂದು ಸದ್ದಾಯಿತು. ರೇಡಿಯೇಟರಿನ ರಬ್ಬರು ಪೈಪು ಒಡೆದಿತ್ತು. ಕುದಿಯುವ ನೀರೆಲ್ಲ ಹಬೆಯಾಗಿ ಮೋಡದ ಹಾಗೆ ಎದ್ದಿತು.

"ಇಳೀರಿ! ದೂರ ಹೋಗಿ!" ಎಂದು ಮೇಡಂ ಬೇಕರಿಯವಳನ್ನು ಓಡಿಸಿದರು. ಆಮೇಲೆ ಟವಲು ಸುತ್ತಿದ ಕೈಯಿಂದ ಬಾನೆಟ್ ಎತ್ತಿದರು. ಹಬೆ ಮುಖಕ್ಕೇ ನುಗ್ಗಿ ಬಂತು. ಹಿಂದಕ್ಕೆ ಸರಿಯಲು ಹೋದ ಕಾಲು ಚೆಲ್ಲಿದ ನೀರಿನ ಮೇಲೆ ಬಿದ್ದು, ಮೇಡಂ ಧಡಾರನೆ ನೆಲಕ್ಕೆ ಕೂತರು. ಪೆಟ್ಟಾದದ್ದು ಸೊಂಟಕ್ಕೆ, ಅದೂ ಸ್ವಲ್ಪ. ಹಳೆಯ ಕಾರು ಹಬೆಯಲ್ಲಿ ಮುಚ್ಚಿಹೋಗಿತ್ತು. ರಸ್ತೆಯಲ್ಲಿ ಹೋಗುತ್ತಿದ್ದ ಯಾರೋ ಫೋನ್ ಎತ್ತಿ ಹಿಡಿದಿದ್ದ. ಅವನಿಗೆ ಕಂಡದ್ದು ಬಿಳಿ ಮೋಡ, ಬಿಳಿ ಕಾರು, ಹಸಿರು ಅಕ್ಷರ, ಹಾರಿ ಬಿದ್ದ ಹೆಂಗಸು.

ಸಂಜೆಯ ಹೊತ್ತಿಗೆ ಅದು ಟಿವಿಯಲ್ಲಿತ್ತು. "ಎಲೆಕ್ಟ್ರಿಕ್ ಕಾರು ಸ್ಫೋಟ! ರಭಸಕ್ಕೆ ನೆಲಕ್ಕುರುಳಿದ ಮಹಿಳೆ!" ಮೇಡಂ ಬೀಳುವುದನ್ನು ನಿಧಾನ ಮಾಡಿ, ಕೆಂಪು ವೃತ್ತ ಹಾಕಿ, ಹನ್ನೊಂದು ಸಲ ತೋರಿಸಿದರು. ಹಿನ್ನೆಲೆಗೆ ಡೋಲಿನ ಸದ್ದು ಬೇರೆ.

ಮೇಡಂ ಆಗ ಸೊಂಟಕ್ಕೆ ಬಿಸಿನೀರು ಹಾಕಿಕೊಳ್ಳಲು ಸ್ನಾನದ ಮನೆ ಸೇರಿದ್ದರು. ಗಂಡ ಒಬ್ಬರೇ ಟಿವಿ ಮುಂದೆ ಇದ್ದರು. ಹೆಂಡತಿ ಬಿದ್ದ ಸಮಾಚಾರ ಅವರಿಗೆ ಆಗಲೇ ಪೂರ್ತಿ ಗೊತ್ತಿತ್ತಾದ್ದರಿಂದ ಚಿತ್ರದ ಕಡೆ ಗಮನವಿರಲಿಲ್ಲ. ಪರದೆಯ ಕೆಳಗೆ ಓಡುತ್ತಿದ್ದ ಪಟ್ಟಿಯನ್ನು ಓದುತ್ತಿದ್ದರು. "ಮಹಿಳೆ ಸ್ಥಿತಿ ಗಂಬೀರ." ಅವರ ಎದೆ ಧಸಕ್ಕೆಂದಿತು. ಅಷ್ಟರಲ್ಲಿ ಫೋನ್ ಬಂತು. ಬೇರೆ ಬಡಾವಣೆಯಲ್ಲಿದ್ದ ಅವರ ತಂಗಿ.

"ಅಣ್ಣಾ, ಟಿವಿ ನೋಡ್ತಿದ್ದೇನೆ! ಅತ್ತಿಗೆ ಹೇಗಿದ್ದಾರೆ? ಗಂಭೀರ ಅಂತ ಹಾಕಿದ್ದಾರಲ್ಲ!"

ಅಣ್ಣನ ಕಣ್ಣು ಪಟ್ಟಿಯ ಮೇಲೆಯೇ ಇತ್ತು. ಅದು ಮತ್ತೆ ಬಂತು, ಅದೇ ತಪ್ಪಿನೊಂದಿಗೆ. 'ಭೀ' ಇರಬೇಕಾದಲ್ಲಿ 'ಬೀ'. ಅವರು ನೋವಿನಿಂದ ನಿಟ್ಟುಸಿರು ಬಿಟ್ಟರು.

"ಏನು ಹೇಳ್ಲಿ... ಮಹಾಪ್ರಾಣ ಹೋಗಿದೆ ಕಣೇ."

ಆ ಕಡೆ ತಂಗಿಯ ಮನೆಯಲ್ಲಿ ಮಿಕ್ಸಿ ತಿರುಗುತ್ತಿತ್ತು. 'ಮಹಾ' ಅದರೊಳಗೆ ಬಿದ್ದು ಪುಡಿಯಾಯಿತು. ಉಳಿದದ್ದು ಮಾತ್ರ ಅವಳಿಗೆ ಕೇಳಿಸಿತು. ಕಿಟಾರನೆ ಕಿರುಚಿದಳು. ಫೋನ್ ಕಟ್ಟಾಯಿತು.

ಪರವಾಗಿಲ್ಲ, ಭಾಷೆ ಕೆಟ್ಟರೆ ಇಷ್ಟು ನೊಂದುಕೊಳ್ಳುವವರು ನಮ್ಮ ಮನೆತನದಲ್ಲಿ ಇನ್ನೊಬ್ಬರಿದ್ದಾರೆ ಎಂದು ಅಣ್ಣನಿಗೆ ಸಮಾಧಾನವಾಯಿತು.

ತಂಗಿ ಅಷ್ಟರಲ್ಲಿ ಸಿಕ್ಕ ಸಿಕ್ಕವರಿಗೆಲ್ಲ ಫೋನ್ ಮಾಡಿದ್ದಳು. ಅರ್ಧ ಗಂಟೆಯಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಮೇಡಂ ತಲೆಗೆ ಟವಲು ಸುತ್ತಿಕೊಂಡು, ಒಂದು ಕೈ ಸೊಂಟದ ಮೇಲಿಟ್ಟುಕೊಂಡು ಬಾಗಿಲು ತೆಗೆದರು. ಹಲ್ಲಿನ ಡಾಕ್ಟರು ಬಿಳಿ ಹೂವಿನ ಗೊಂಚಲು ಹಿಡಿದು, ತಲೆ ತಗ್ಗಿಸಿ ನಿಂತಿದ್ದರು. ಅವರ ಹಿಂದೆ ಮೆಟ್ಟಿಲಿನ ಮೇಲೆ ಹತ್ತು ಹನ್ನೆರಡು ಮಂದಿ. ಡಾಕ್ಟರು ತಲೆಯೆತ್ತಿದರು. ಬಾಯಿ ತೆರೆಯಿತು, ಊರವರ ಬಾಯಿ ತೆರೆಸುವ ಮನುಷ್ಯನ ಬಾಯಿ ತಾನಾಗಿ ತೆರೆದದ್ದು ಅದೇ ಮೊದಲು.

"ಹೂ ಯಾರಿಗೆ ಡಾಕ್ಟ್ರೇ?"

"ನಿಮಗೇ... ಅಂದ್ರೆ, ನಿಮ್ಮ... ಮೇಡಂ, ನೀವು ಹೋಗಿಬಿಟ್ರಿ ಅಂತ..."

"ಎಲ್ಲಿಗೆ?"

ಹಿಂದಿನ ಸಾಲಿನಲ್ಲಿ ಒಬ್ಬಾಕೆ ಅಳುತ್ತಿದ್ದವಳು, ನಿಲ್ಲಿಸಬೇಕೋ ಮುಂದುವರಿಸಬೇಕೋ ತಿಳಿಯದೆ ಬಿಕ್ಕಳಿಸಿದಳು. ಅದೇ ಹೊತ್ತಿಗೆ ನಾದಿನಿ ಆಟೋದಿಂದ ಇಳಿದು, ಜನರನ್ನು ಸೀಳಿಕೊಂಡು ಬಂದು, ಅತ್ತಿಗೆಯನ್ನು ಕಂಡು ಒಂದು ಕ್ಷಣ ಕಲ್ಲಾಗಿ, ಆಮೇಲೆ ಅಣ್ಣನ ಮೇಲೆ ಏರಿ ಹೋದಳು. "ನೀನೇ ತಾನೆ ಪ್ರಾಣ ಹೋಗಿದೆ ಅಂದಿದ್ದು!"

"ಮಹಾಪ್ರಾಣ ಅಂದೆ! ಅಕ್ಷರದ ಹೊಟ್ಟೆ ಸೀಳಿಲ್ಲ ಅಂದೆ!" ಎಂದು ಗಂಡ ಟಿವಿ ಕಡೆ ಕೆಂಪು ಪೆನ್ನು ತೋರಿಸಿದರು.

"ನನ್ನ ಸ್ಥಿತಿ ಗಂಭೀರ ಅಂತ ಹಾಕಿದ್ದಾರಾ?" ಎಂದು ಮೇಡಂ ಕೇಳಿದರು. "ನಾನು ಯಾವತ್ತು ಗಂಭೀರ ಇರ್ಲಿಲ್ಲ?"

ಎಲ್ಲರಿಗೂ ನಗು ಬಂತು. ಒಳಗೆ ಬಂದು ಕೂತರು, ಕಾಫಿ ಕುಡಿದರು. ಮೇಡಂ ನಡೆದದ್ದನ್ನು ವಿವರಿಸಿದರು: ಒಡೆದದ್ದು ಹಳೆಯ ಕಾರಿನ ಪೈಪು, ಎಲೆಕ್ಟ್ರಿಕ್ ಕಾರು ಪಕ್ಕದಲ್ಲಿ ತನ್ನ ಪಾಡಿಗೆ ನಿಂತಿತ್ತು. ಎಲ್ಲರೂ ತಲೆಯಾಡಿಸಿದರು. ಹೊರಡುವಾಗ ಡಾಕ್ಟರು ಹೂವನ್ನು ಏನು ಮಾಡುವುದೆಂದು ತಿಳಿಯದೆ ಮೇಜಿನ ಮೇಲಿಟ್ಟು, ಮೆಲ್ಲಗೆ ಹೇಳಿದರು: "ಏನೇ ಹೇಳಿ ಮೇಡಂ, ನಿಮ್ಮ ಮಾತು ಕೇಳಿ ನಾನು ಬುಕಿಂಗ್ ರದ್ದು ಮಾಡಿದ್ದು ಒಳ್ಳೇದೇ ಆಯ್ತು. ನಿಮ್ಮ ಮಾತು ನೀವೇ ಕೇಳಿದ್ದಿದ್ರೆ ನಿಮಗೆ ಹೀಗೆ ಆಗ್ತಿರ್ಲಿಲ್ಲ."

"ನನಗೆ ಏನೂ ಆಗಿಲ್ಲ ಡಾಕ್ಟ್ರೇ! ಆ ಕಾರಿಗೂ ಏನೂ ಆಗಿಲ್ಲ!"

"ಹೌದು ಹೌದು, ಆಗಿಲ್ಲ," ಎಂದು ಡಾಕ್ಟರು ಅವರ ಕೈ ತಟ್ಟಿದರು. "ಆದ್ರೂ."

ಆ "ಆದ್ರೂ" ಮೇಡಂ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಮರುದಿನ ಬೆಳಿಗ್ಗೆ ಚಾನೆಲ್ಲಿಗೆ ಫೋನ್ ಮಾಡಿದರು.

"ನಿನ್ನೆ ಬಿದ್ದ ಮಹಿಳೆ ಮಾತಾಡ್ತಿರೋದು. ಕಾರು ಸ್ಫೋಟ ಆಗಿಲ್ಲ."

"ನಮ್ಮ ಹತ್ರ ಪ್ರತ್ಯಕ್ಷ ನೋಡಿದವರು ಇದ್ದಾರೆ ಮೇಡಂ."

"ನಾನು ಅದರ ಮುಂದೇನೇ ನಿಂತಿದ್ದೆ!"

"ಆ ಕಾರು ನಿಮ್ಮದಾ?"

"ನನ್ನ ತಮ್ಮನದು."

"ನೋಡಿದ್ರಾ, ನಿಮ್ಮದೇ ಕಾರು ಅಂದ್ಮೇಲೆ ನೀವು ಹಾಗೇ ಹೇಳ್ತೀರಿ. ಒಂದು ಕೆಲಸ ಮಾಡಿ, ಸಂಜೆ ಸ್ಟುಡಿಯೋಗೆ ಬನ್ನಿ. 'ಕಾರೋ? ಕಾಲನೋ?' ಅಂತ ಚರ್ಚೆ ಇದೆ. ಎಷ್ಟು ಸುಟ್ಟಿದೆ ನಿಮಗೆ?"

"ಸುಟ್ಟೇ ಇಲ್ಲ."

"ಓಹ್. ಹಾಗಾದ್ರೆ ಬೇಡ ಬಿಡಿ. ಸುಟ್ಟವರು ಯಾರಾದ್ರೂ ಇದ್ರೆ ಹೇಳಿ."

ಮೇಡಂ ಫೋನ್ ಇಟ್ಟರು. ಚಾನೆಲ್ಲಿನವರನ್ನು ಬಾಯಿಗೆ ಬಂದ ಹಾಗೆ ಬೈಯಬೇಕು ಎನ್ನಿಸಿತ್ತು. ಬೈಗುಳ ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅದರ ಜೊತೆಗೇ ಆ ಸೈಲೆನ್ಸರ್ ಕಣ್ಣಮುಂದೆ ಬಂದು ನಿಂತಿತು. ಚಾನೆಲ್ಲಿನವನಿಗೆ ನಿಜ ಗೊತ್ತಿಲ್ಲದೆಯೂ ಇದ್ದಿರಬಹುದು. ತನಗೆ ಗೊತ್ತಿತ್ತು. ಗೊತ್ತಿದ್ದೂ ತರಕಾರಿ ಹೆಚ್ಚುತ್ತ ಕೂತದ್ದಾಗಿತ್ತು.

"ರೀ, ಒಂದು ಕಾಗದ ಬರೀಬೇಕು. ಗ್ರೂಪಿಗೆ," ಎಂದರು ಗಂಡನ ಹತ್ತಿರ.

ಗಂಡ ಸಂಭ್ರಮದಿಂದ ಕೂತರು. ಮೇಡಂ ಹೇಳಿದ ನಾಲ್ಕು ಸಾಲನ್ನು ಮೂರು ಪ್ಯಾರಾ ಮಾಡಿ, ಪೂರ್ಣವಿರಾಮ, ಅಲ್ಪವಿರಾಮ, ಮಹಾಪ್ರಾಣ ಎಲ್ಲವನ್ನೂ ಜಾಗದಲ್ಲಿಟ್ಟರು. ಹಿಂದೆ ಕಳಿಸಿದ ವಿಡಿಯೋ ಪೆಟ್ರೋಲ್ ಕಾರಿನದು, ಅದನ್ನು ತಿಳಿದೂ ಸುಮ್ಮನಿದ್ದದ್ದು ತನ್ನ ತಪ್ಪು, ನಿನ್ನೆ ಒಡೆದದ್ದು ಹಳೆಯ ಕಾರಿನ ಪೈಪು ಎಂದು ಸ್ಪಷ್ಟವಾಗಿ ಬರೆದಿತ್ತು. ಒಂದೇ ಒಂದು ತಪ್ಪಿರದ ಆ ಬರಹಕ್ಕೆ ಸಂಜೆಯ ತನಕ ಬಿದ್ದ ಹೆಬ್ಬೆಟ್ಟು ಒಂಬತ್ತು. ಅದರಲ್ಲಿ ಒಂದು ತಮ್ಮನದು, ಒಂದು ಗಂಡನದೇ. ಕೆಳಗೆ ಯಾರೋ ಬರೆದಿದ್ದರು: "ಮೇಡಂ ಆತ್ಮಕ್ಕೆ ಶಾಂತಿ ಸಿಗಲಿ." ಇನ್ನೊಬ್ಬರು: "ಮೇಡಂ ಫೋನನ್ನು ಈಗ ಯಾರು ಉಪಯೋಗಿಸುತ್ತಿದ್ದೀರಿ? ದಯವಿಟ್ಟು ಮನೆಯವರಿಗೆ ವಾಪಸ್ ಕೊಡಿ."

ಬರೆದು ಆಗುವ ಕೆಲಸವಲ್ಲ ಎಂದು ಮೇಡಂಗೆ ಮನವರಿಕೆಯಾಯಿತು. ಕಾರು ಕಲಿಸುವುದೂ ಹಾಗೆಯೇ ಅಲ್ಲವೇ. ಆರುನೂರು ಜನಕ್ಕೆ ಒಟ್ಟಿಗೆ ಭಾಷಣ ಮಾಡಿದರೆ ಒಬ್ಬರೂ ಕಲಿಯುವುದಿಲ್ಲ, ಒಬ್ಬೊಬ್ಬರನ್ನೇ ಕೂರಿಸಿಕೊಳ್ಳಬೇಕು. ಮೊದಲು ಡಾಕ್ಟರ ಹತ್ತಿರ ಹೋದರು. ಅಲ್ಲಿ ಸರದಿ. ಒಳಗೆ ಹೋದ ಕೂಡಲೇ ಸಹಾಯಕಿ ಅವರನ್ನು ಕುರ್ಚಿಯಲ್ಲಿ ಮಲಗಿಸಿ, ಕತ್ತಿಗೆ ಬಟ್ಟೆ ಕಟ್ಟಿ, ಬಾಯಿಗೆ ಹತ್ತಿ ತುರುಕಿದಳು.

"ಎಲ್ಲಿ ನೋವು ಮೇಡಂ?" ಎಂದು ಡಾಕ್ಟರು ದೀಪ ಎಳೆದುಕೊಂಡರು.

"ಆ ಇಇಯೋ ಉಳ್ಳು," ಎಂದರು ಮೇಡಂ.

"ಹಾ, ದವಡೆ ಹಲ್ಲು."

ಮೇಡಂ ಹತ್ತಿಯನ್ನೆಲ್ಲ ಕಿತ್ತು ತಟ್ಟೆಗೆ ಹಾಕಿ ಎದ್ದು ಕೂತರು. "ಹಲ್ಲಲ್ಲ ಡಾಕ್ಟ್ರೇ. ಆ ವಿಡಿಯೋ ಸುಳ್ಳು ಅಂದೆ. ನಾನು ಕಳಿಸಿದ್ದೆನಲ್ಲ, ಅದು ಎಲೆಕ್ಟ್ರಿಕ್ ಕಾರಲ್ಲ. ನನಗೆ ಆಮೇಲೆ ಗೊತ್ತಾಯ್ತು. ಗೊತ್ತಾದ್ರೂ ಹೇಳ್ಲಿಲ್ಲ. ಆ ಕಾರಲ್ಲಿ ನನಗೆ ಕೆಲಸ ಇರಲ್ಲ ಅನ್ನೋ ಸಂಕಟ."

ಡಾಕ್ಟರು ಕೈಯಲ್ಲಿದ್ದ ಕನ್ನಡಿಯನ್ನು ಮೆಲ್ಲಗೆ ಕೆಳಗಿಟ್ಟರು. ಕಿಟಕಿಯಿಂದಾಚೆ ಅವರ ಹೊಸ ಡೀಸೆಲ್ ಕಾರು ನಿಂತಿತ್ತು. ಇನ್ನೂ ಸೀಟಿನ ಪ್ಲಾಸ್ಟಿಕ್ಕು ತೆಗೆದಿರಲಿಲ್ಲ.

"ಇದನ್ನ ಹೋದ ತಿಂಗಳು ಹೇಳಿದ್ರೆ ಚೆನ್ನಾಗಿತ್ತು ಮೇಡಂ," ಎಂದರು. ಸಿಟ್ಟಿರಲಿಲ್ಲ ದನಿಯಲ್ಲಿ. ಸಿಟ್ಟಿದ್ದಿದ್ದರೆ ಮೇಡಂಗೆ ಹಗುರಾಗುತ್ತಿತ್ತು. ಆಮೇಲೆ, ಬಂದದ್ದು ಬಂದಿದ್ದೀರಿ ಎಂದು, ಡಾಕ್ಟರು ಒಂದು ಹಲ್ಲಿಗೆ ಸಿಮೆಂಟು ಹಾಕಿ ಕಳಿಸಿದರು.

ಅಂದು ಸಂಜೆ ಮೇಡಂ ತಮ್ಮನ ಮುಂದೆ ಕೈ ಚಾಚಿದರು. "ಕೀ ಕೊಡು. ಮೊದಲು ನನಗೆ ಕಲಿಸು."

"ನಿನಗೆ ನಾನಾ?"

"ಬ್ಯಾಟರಿಗೆ ಬೆಂಕಿ ಬೀಳಲ್ಲ ಅಂತ ಮಾತ್ರ ಸುಳ್ಳು ಹೇಳಬೇಡ."

"ಹೇಳಲ್ಲ. ಬೀಳಬಹುದು. ಪೆಟ್ರೋಲಿಗೂ ಬೀಳಬಹುದು. ಪಕ್ಕದಲ್ಲಿ ಕೂತ್ಕೊಳ್ಲಾ ಬೇಡ್ವಾ?"

ಆ ಅರ್ಧ ಗಂಟೆ ತಮ್ಮ ಜನ್ಮದಲ್ಲಿ ಮರೆಯುವ ಹಾಗಿರಲಿಲ್ಲ. ಮೇಡಂ ಬಲಗಾಲು ಒಳ್ಳೆಯ ವಿದ್ಯಾರ್ಥಿ, ಎಡಗಾಲಿನದೇ ಗೋಳು. ಅದು ಇಲ್ಲದ ಪೆಡಲನ್ನು ಹುಡುಕಿ ಹುಡುಕಿ ನೆಲವನ್ನು ಒದೆಯಿತು. ನೆಲ ಸಿಕ್ಕದ ಕಡೆ ಬ್ರೇಕು ಸಿಕ್ಕಿತು. ಕಾರು ಗಕ್ಕನೆ ನಿಂತಿತು, ತಮ್ಮನ ಹಣೆ ಗಾಜಿನ ಹತ್ತಿರ ಹೋಗಿ ಬಂತು.

"ಅಕ್ಕಾ, ಎಡಗಾಲು ಸುಮ್ನೆ ಇಡು! ಸುಮ್ನೆ, ಸುಮ್ನೆ... ಅಯ್ಯೋ ಒತ್ತಿದ್ಯಲ್ಲ!"

"ಕೂಗಬೇಡ. ಕೂಗಿದ್ರೆ ಕಲಿಯೋರಿಗೆ ಗಾಬರಿ ಆಗತ್ತೆ ಅಂತ ಗೊತ್ತಿಲ್ವಾ?" ಎಂದರು ಮೇಡಂ. ಹೇಳಿದ ಮೇಲೆ ತುಟಿ ಕಚ್ಚಿಕೊಂಡರು. ಕೊನೆಗೆ ಎಡಗಾಲನ್ನು ಮಡಚಿ ಸೀಟಿನ ಬುಡಕ್ಕೆ ತಳ್ಳಿ, ಅಂಗಳದಲ್ಲಿ ಎಂಟು ಸುತ್ತು ಹೊಡೆದರು.

ವಾರ ಕಳೆದು ಮೇಡಂ ಬೇಕರಿಯವಳನ್ನು ಹೊಸ ಕಾರಿನ ಹತ್ತಿರ ಕರೆದರು. ಆ ದಿನ ಮಳೆ. ಅವಳಿಗೆ ಹಬೆಯ ನಿಜ ಕಣ್ಣಾರೆ ಕಂಡು ಗೊತ್ತಿತ್ತು, ಆದರೂ ಕೈಗವಸು ಚೀಲದಲ್ಲಿತ್ತು. ಛತ್ರಿ ಹಿಡಿದು ದೂರದಲ್ಲೇ ನಿಂತಳು.

ಮೇಡಂ ಚಪ್ಪಲಿ ಬಿಟ್ಟರು. ನಿಂತ ನೀರಿನಲ್ಲಿ ಬರಿಗಾಲಲ್ಲಿ ನಡೆದು ಹೋಗಿ ಕಾರಿನ ಹಿಡಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ನಿಂತರು. ಒಂದು ನಿಮಿಷ, ಎರಡು ನಿಮಿಷ. ಕೂದಲಿನಿಂದ ನೀರು ಮೂಗಿಗಿಳಿದು ಅಲ್ಲಿಂದ ತೊಟ್ಟಿಕ್ಕಿತು. ಎದುರು ಸಾಲಿನ ಕಿಟಕಿಗಳಲ್ಲಿ ಒಂದೊಂದಾಗಿ ತಲೆಗಳು ಕಾಣಿಸಿಕೊಂಡವು. ಮೇಷ್ಟ್ರು ಮಳೆಯಲ್ಲೇ ನಿಂತು ಗಡಿಯಾರ ನೋಡಿ, "ಐದು ನಿಮಿಷ ಆಯ್ತು ಮೇಡಂ!" ಎಂದು ಕೂಗಿದರು. ಗಡಿಯಾರ ಅವರ ಕೈಯಲ್ಲೇ ಇತ್ತು, ನಡೆಯುತ್ತಲೂ ಇತ್ತು.

"ಸಾಕು ಮೇಡಂ, ಶೀತ ಆಗತ್ತೆ," ಎಂದಳು ಬೇಕರಿಯವಳು. ಕೈಗವಸನ್ನು ಚೀಲದಿಂದ ಹೊರಗೆ ತೆಗೆಯದೆ ಬಂದು ಹತ್ತಿದಳು.

ಆ ಮಳೆಗಾಲದಲ್ಲಿ ಹೊಸ ಕಾರಿನಲ್ಲಿ ಕಲಿಯಲು ಬಂದವರು ಒಟ್ಟು ಹದಿನಾಲ್ಕು ಜನ. ಟಿವಿ ಒಂದು ಸಂಜೆಯಲ್ಲಿ ಹೆದರಿಸಿದಷ್ಟು ಜನರ ಹೆದರಿಕೆ ಬಿಡಿಸಲು ಈ ಲೆಕ್ಕದಲ್ಲಿ ನೂರು ವರ್ಷ ಬೇಕು ಎಂದ ತಮ್ಮ. ಮೇಡಂ ಅದಕ್ಕೆ, ಹಾಗಾದರೆ ಬೆಳಿಗ್ಗೆ ಇನ್ನೂ ಒಂದು ಗಂಟೆ ಬೇಗ ತೆರೆ ಎಂದರು.

ಹೊಸ ಕಾರಿನಲ್ಲಿ ಬೇಕರಿಯವಳ ಆ ಮೊದಲ ಪಾಠದ ದಿನ ಕಾರು ಅಂಗಳ ದಾಟಿ ರಸ್ತೆಗಿಳಿದಾಗ ಮೇಡಂಗೆ ವಿಚಿತ್ರವೆನಿಸಿತು. ಹಳೆಯ ಕಾರಿನಲ್ಲಿ ಎಂಜಿನ್ನಿನ ಗುರ್ರು, ಗೇರಿನ ಕರಕರ, ತಮ್ಮದೇ ಕೂಗು, ಇವುಗಳ ನಡುವೆ ಬೇರೇನೂ ಕೇಳಿಸುತ್ತಿರಲಿಲ್ಲ. ಇಲ್ಲಿ ಸದ್ದೇ ಇಲ್ಲ. ಗಾಜಿನ ಮೇಲೆ ಮಳೆ, ಅದರ ಆಚೆ ಇನ್ನೊಂದು ಸಣ್ಣ ಸದ್ದು. ಕಿವಿಗೊಟ್ಟು ಕೇಳಿದರು. ಪಕ್ಕದಲ್ಲಿ ಕೂತವಳು ಉಸಿರು ಬಿಗಿಹಿಡಿದು, ತಡೆಯಲಾಗದಾಗ ಮಾತ್ರ ಗುಟುಕು ಗುಟುಕಾಗಿ ಎಳೆದುಕೊಳ್ಳುತ್ತಿದ್ದಳು. ಇಪ್ಪತ್ತೆಂಟು ವರ್ಷ ಎಲ್ಲರೂ ಹೀಗೇ ಉಸಿರಾಡುತ್ತಿದ್ದರೋ ಏನೋ.

"ಮೊದಲು ಉಸಿರು ಬಿಡಿ," ಎಂದರು ಮೇಡಂ, ಮೆಲ್ಲಗೆ. "ರಸ್ತೆ ಎಲ್ಲಿಗೂ ಓಡಿ ಹೋಗಲ್ಲ."

ಬೇಕರಿಯವಳು ಉಸಿರು ಬಿಟ್ಟಳು. ಕಾರು ಅಂಚೆ ಕಚೇರಿಯ ತಿರುವನ್ನು ದಾಟಿ, ಮಳೆಯಲ್ಲಿ ಮುಂದೆ ಹೋಯಿತು.